ಮಳೆಗಾಲದ ಕಳವಳಕ್ಕೆ ಅಂಗಳದ ಗಿಡಗಳು: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಜೂನ್‌ನಲ್ಲಿ ಮಳೆ ಹಿಡಿದರೆ ಕೊಡಗಿನಲ್ಲಿ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ಭಾಗಮಂಡಲ, ನಾಪೋಕ್ಲು ಕಡೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮನೆಯೊಳಗೇ ಕೂತು ಕೂತು ಮನಸ್ಸಿಗೂ ಮಂಕು ಕವಿಯುತ್ತದೆ. 2018ರ ಆಗಸ್ಟ್ ನಂತರ ಇದರ ಮೇಲೆ ಇನ್ನೊಂದು ಭಾರ ಬಿದ್ದಿದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ಮರೆಯದವರಿಗೆ, ರಾತ್ರಿ ಮಳೆ ಜೋರಾದರೆ ಎದೆ ಡವಡವ ಅನ್ನುತ್ತದೆ. ನಿದ್ದೆ ಹಾರಿಹೋಗುತ್ತದೆ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರು ಒಂದೆಲಗ, ತುಳಸಿ, ಜಾಯಿಕಾಯಿ ಅನ್ನುತ್ತಾರೆ. ಮೊಬೈಲ್ ತೆರೆದರೆ ಅಶ್ವಗಂಧ, ಜಟಾಮಾಂಸಿ ಅಂತ ಜಾಹೀರಾತು. ಯಾವುದನ್ನು ನಂಬುವುದು, ಎಷ್ಟು ತೆಗೆದುಕೊಳ್ಳುವುದು, ಯಾವುದರಿಂದ ದೂರ ಇರುವುದು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಊಟದ ಜೊತೆ ತಿನ್ನುವ ಗಿಡಗಳನ್ನು ನಾವೇ ಬೆಳೆದು ಬಳಸಬಹುದು. ಜೋರಾಗಿ ಕೆಲಸ ಮಾಡುವ ಬೇರುಗಳನ್ನು ವೈದ್ಯರಿಗೇ ಬಿಡಬೇಕು. ಆ ಗೆರೆ ಎಲ್ಲಿದೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು: ಇದು ಗಿಡದಿಂದ ಇಳಿಯುವ ಕಳವಳವೇ ನೋಡಿ

ಪರೀಕ್ಷೆ ಹತ್ತಿರ ಬಂದಿದೆ, ಕಾಳುಮೆಣಸಿನ ರೇಟು ಬಿದ್ದಿದೆ, ಮಗಳು ದೂರದ ಊರಿಗೆ ಹೋಗಿದ್ದಾಳೆ. ಇಂಥ ಕಾರಣಕ್ಕೆ ಬರುವ ತಳಮಳ ನಾಲ್ಕು ದಿನ ಇದ್ದು ಹೋಗುತ್ತದೆ. ಇದಕ್ಕೆ ಗಿಡಮೂಲಿಕೆ, ಎಣ್ಣೆ ಸ್ನಾನ, ಒಳ್ಳೆ ನಿದ್ದೆ ಸಹಾಯ ಮಾಡುತ್ತವೆ.

ಆದರೆ ಎರಡು ವಾರ ಕಳೆದರೂ ಬೇಸರ ಇಳಿಯುತ್ತಿಲ್ಲ, ಊಟ ಸೇರುತ್ತಿಲ್ಲ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರುತ್ತಿಲ್ಲ, ತೋಟದ ಕೆಲಸಕ್ಕೂ ಮನಸ್ಸಿಲ್ಲ ಅಂದರೆ ಅದು ಬೇರೆ. ಆಗ ತಂಬುಳಿ ಮಾಡಿಕೊಂಡು ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇದ್ದರೂ ಎದೆಬಡಿತ, ಸುಸ್ತು, ಮಂಕು ಬರುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಎದೆ ನೋವು ಕೈಗೋ ದವಡೆಗೋ ಹರಡಿದರೆ ಟೆನ್ಷನ್ ಅಂದುಕೊಂಡು ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಬದುಕೇ ಬೇಡ ಅನ್ನುವ ಯೋಚನೆ ನಿಮಗೆ ಬಂದರೂ, ಮನೆಯಲ್ಲಿ ಯಾರಾದರೂ ಹಾಗೆ ಮಾತಾಡಿದರೂ, ಅದೇ ದಿನ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು. ಅಂಥವರನ್ನು ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿ ಡಬ್ಬ, ಕೋವಿ ಅವರ ಕೈಗೆ ಸಿಗದ ಹಾಗೆ ಇಡಿ. ಹೆಚ್ಚುಕಡಿಮೆ ಎಲ್ಲ ತೋಟದ ಮನೆಗಳಲ್ಲೂ ಇವು ಇರುವುದರಿಂದ ಈ ಮಾತು ಹೇಳಲೇಬೇಕು.

ಗಿಡ ಸೇರಿಸುವ ಮೊದಲು ಸಂಜೆಯ ಕಾಫಿ ಕಳೆಯಿರಿ

ಕಾಫಿ ನಾಡಿನಲ್ಲಿ ಕೂತು ಇದನ್ನು ಹೇಳುವುದು ಕಷ್ಟ. ಆದರೆ ಕಳವಳಕ್ಕೆ ಮದ್ದು ಹುಡುಕುವವರು ಮೊದಲು ನೋಡಬೇಕಾದ ಗಿಡ ಇದೇ. ಕೆಫೀನ್ ಎದೆಬಡಿತ ಏರಿಸುತ್ತದೆ, ಕೈ ನಡುಗಿಸುತ್ತದೆ, ನಿದ್ದೆ ಓಡಿಸುತ್ತದೆ. ಕಳವಳದ ಲಕ್ಷಣಗಳೂ ಇವೇ ಅಲ್ವಾ? ನಮ್ಮಲ್ಲಿ ರೊಬಸ್ಟಾ ಜಾಸ್ತಿ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಅಂದರೆ ಸಂಜೆ ಐದಕ್ಕೆ ಕುಡಿದ ಬೆಲ್ಲದ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ಮೈಯಲ್ಲಿ ಇರುತ್ತದೆ.

ಒಮ್ಮೆಲೇ ಬಿಡಬೇಡಿ, ತಲೆನೋವು ಹಿಡಿಯುತ್ತದೆ. ಮೊದಲ ವಾರ ಸಂಜೆಯ ಲೋಟ ಅರ್ಧ ಮಾಡಿ. ಮುಂದಿನ ವಾರ ಮಧ್ಯಾಹ್ನ ಊಟದ ನಂತರ ಕಾಫಿ ಬೇಡ ಅಂತ ಗೆರೆ ಹಾಕಿಕೊಳ್ಳಿ. ರುಚಿ ಬೇಕೇ ಬೇಕು ಅನ್ನುವವರು ಪುಡಿಯಲ್ಲಿ ಚಿಕೋರಿ ಪಾಲು ಹೆಚ್ಚಿಸಬಹುದು, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಟೀ ಕುಡಿಯುವವರಿಗೂ ಇದೇ ಲೆಕ್ಕ, ಟೀಯಲ್ಲಿ ಪ್ರಮಾಣ ಸ್ವಲ್ಪ ಕಡಿಮೆ ಅಷ್ಟೇ.

ಮಳೆಗಾಲದ ಚಳಿಗೆ, ನಿದ್ದೆಗೆ ಅಂತ ಕುಡಿಯುವ ಡ್ರಿಂಕ್ಸ್ ಬಗ್ಗೆಯೂ ಹೇಳಬೇಕು. ಮೊದಲ ಎರಡು ಗಂಟೆ ನಿದ್ದೆ ಬರುತ್ತದೆ ನಿಜ. ನಡುರಾತ್ರಿ ಎಚ್ಚರವಾಗುವುದು, ಬೆಳಗ್ಗೆ ಎದೆ ಭಾರವಾಗುವುದು ಅದರಿಂದಲೇ. ಮುಂದೆ ಹೇಳುವ ಯಾವ ಗಿಡವನ್ನೂ ಮದ್ಯದ ಜೊತೆ ತೆಗೆದುಕೊಳ್ಳಬೇಡಿ. ದಿನಾ ಜಾಸ್ತಿ ಕುಡಿಯುವ ಅಭ್ಯಾಸ ಇದ್ದವರು ಒಂದೇ ದಿನ ನಿಲ್ಲಿಸಲೂಬಾರದು. ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ಸಲಹೆ ಪಡೆದು ಇಳಿಸಬೇಕು.

ಒಂದೆಲಗ: ಇಲ್ಲಿಂದ ಶುರು ಮಾಡಿ

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಒಂದೆಲಗದ ಮೇಲೆ. ಗದ್ದೆ ಬದು, ತೋಡಿನ ಅಂಚು, ಬಾವಿಕಟ್ಟೆಯ ಪಕ್ಕ ತಾನಾಗಿ ಹಬ್ಬುವ ಬಳ್ಳಿ ಇದು. ಚರಕ ಸಂಹಿತೆ ಮೇಧ್ಯ ರಸಾಯನ, ಅಂದರೆ ಬುದ್ಧಿಗೆ ಬಲ ಕೊಡುವ ಮದ್ದು, ಅಂತ ಹೆಸರಿಸುವ ನಾಲ್ಕು ಗಿಡಗಳಲ್ಲಿ ಮಂಡೂಕಪರ್ಣಿ ಮೊದಲನೆಯದು, ಅದು ಇದೇ ಒಂದೆಲಗ. 2000ದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 40 ಜನ ಆರೋಗ್ಯವಂತರನ್ನು ಪರೀಕ್ಷಿಸಿದ್ದರು. ಒಂದೆಲಗ ತೆಗೆದುಕೊಂಡವರು ದಿಢೀರ್ ಸದ್ದಿಗೆ ಬೆಚ್ಚುವುದು ಅರ್ಧ ಗಂಟೆ, ಒಂದು ಗಂಟೆಯ ಹೊತ್ತಿಗೆ ಕಡಿಮೆಯಾಗಿತ್ತು. ಅಲ್ಲಿ ಕೊಟ್ಟ ಪ್ರಮಾಣ 12 ಗ್ರಾಂ, ಅದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ನಮಗೆ ಊಟದ ಪ್ರಮಾಣ ಸಾಕು.

ಗುರುತು ಹಿಡಿಯುವುದು ಹೀಗೆ. ನೆಲಕ್ಕೆ ಅಂಟಿ ಹರಿಯುವ ತೆಳು ಬಳ್ಳಿ. ಅದರ ಗಿಣ್ಣಿನಿಂದ ಉದ್ದ ತೊಟ್ಟು, ತೊಟ್ಟಿಗೊಂದೇ ಎಲೆ. ಎಲೆ ದುಂಡಗೆ, ತೊಟ್ಟು ಸೇರುವಲ್ಲಿ ಒಳಗೆ ಕತ್ತರಿಸಿದ ಹಾಗೆ, ಅಂಚು ಸಣ್ಣಗೆ ಹಲ್ಲುಹಲ್ಲಾಗಿ. ಜಗಿದರೆ ಒಗರು, ಸ್ವಲ್ಪ ಕಹಿ. ಎಲೆಯ ನಡುವಿಗೇ ತೊಟ್ಟು ಸೇರಿ ತಟ್ಟೆಯ ಹಾಗೆ ಕಂಡರೆ ಅದು ಬೇರೆ ಗಿಡ. ಅನುಮಾನ ಇದ್ದರೆ ಗೊತ್ತಿರುವ ಹಿರಿಯರ ಕೈಯಲ್ಲಿ ತೋರಿಸಿಯೇ ಕೀಳಿ.

ನೀರುಬ್ರಾಹ್ಮಿ ಇನ್ನೊಂದು ಗಿಡ. ಅಂಗಡಿಯಲ್ಲಿ ಎರಡನ್ನೂ ಬ್ರಾಹ್ಮಿ ಅಂತಲೇ ಮಾರುತ್ತಾರೆ. ಅದರ ಎಲೆ ಸಣ್ಣದು, ದಪ್ಪ, ಜೋಡಿ ಜೋಡಿಯಾಗಿ ಕಾಂಡಕ್ಕೇ ಅಂಟಿರುತ್ತದೆ. ಹೂವು ಬಿಳಿ ಇಲ್ಲವೇ ತಿಳಿ ನೇರಳೆ, ರುಚಿ ಬಲು ಕಹಿ. ನೆನಪಿನ ಶಕ್ತಿಯ ಮೇಲೆ ಅದರ ಸಾರವನ್ನು ಹನ್ನೆರಡು ವಾರ ಕೊಟ್ಟು ನೋಡಿದ ಅಧ್ಯಯನಗಳಿವೆ. ಒಂದೆರಡು ದಿನಕ್ಕೆ ಫಲ ಕಾಣುವಂಥದ್ದಲ್ಲ. ಖಾಲಿ ಹೊಟ್ಟೆಯಲ್ಲಿ ತಿಂದರೆ ವಾಕರಿಕೆ, ಭೇದಿ ಆಗುವುದುಂಟು.

*ಎಲ್ಲಿಂದ ಕೀಳಬಾರದು?* ಇದು ಕೊಡಗಿನವರಿಗೆ ತುಂಬ ಮುಖ್ಯ. ಕಾಫಿಗೂ ಮೆಣಸಿನ ಬಳ್ಳಿಗೂ ಮಳೆಗೆ ಮುಂಚೆ ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತು ಸುಣ್ಣ ಬೆರೆಸಿದ ಆ ದ್ರಾವಣ ಮಳೆ ನೀರಿನ ಜೊತೆ ತೋಟದ ಚರಂಡಿಗೆ ಇಳಿಯುತ್ತದೆ. ಕಾಂಡಕೊರಕಕ್ಕೆ ಹೊಡೆದ ಕೀಟನಾಶಕ, ಕಳೆಗೆ ಹೊಡೆದ ಔಷಧಿ ಎಲ್ಲ ಅಲ್ಲಿಗೇ. ಒಂದೆಲಗ ಹಬ್ಬುವುದೂ ಅಂಥ ಚರಂಡಿಯ ಅಂಚಿನಲ್ಲೇ. ಮಣ್ಣಿನಲ್ಲಿರುವ ಲೋಹದ ಅಂಶವನ್ನು ಈ ಗಿಡ ಎಳೆದುಕೊಳ್ಳುತ್ತದೆ. ಹಾಗಾಗಿ ತೋಟದ ಚರಂಡಿ, ಔಷಧಿ ಹೊಡೆದ ಗದ್ದೆ ಬದು, ಬಚ್ಚಲ ನೀರು ಹರಿಯುವ ಜಾಗ, ಮುಖ್ಯ ರಸ್ತೆಯ ಬದಿ, ಇಲ್ಲೆಲ್ಲ ಕೀಳಲೇಬೇಡಿ.

ಬದಲಿಗೆ ಮನೆ ಹತ್ತಿರ ಬೆಳೆಸಿ. ಹಳೆಯ ಟಬ್ಬು, ಒಡೆದ ಬಕೆಟ್ ಯಾವುದಾದರೂ ಆದೀತು. ತಳದಲ್ಲಿ ತೂತು ಮಾಡಿ, ಅರ್ಧ ಮಣ್ಣು ಅರ್ಧ ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿ. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಬೇರು ಇರುವ ಗಿಣ್ಣುಗಳನ್ನು ಗೇಣಿಗೊಂದರಂತೆ ಊರಿ. ಮೇ ಕೊನೆಯ ಮಳೆಗೆ ನೆಟ್ಟರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಟಬ್ಬು ತುಂಬುತ್ತದೆ. ಬೇಸಿಗೆಯಲ್ಲಿ ಅರೆನೆರಳು, ದಿನಾ ನೀರು ಬೇಕು. ನೀರುಬ್ರಾಹ್ಮಿಗೆ ತೂತಿಲ್ಲದ ಪಾತ್ರೆ ಒಳ್ಳೆಯದು, ಅದಕ್ಕೆ ಕೆಸರೇ ಇಷ್ಟ.

*ತಂಬುಳಿ.* ಒಂದು ಹಿಡಿ ಎಲೆ ತೊಟ್ಟು ಸಮೇತ ತೆಗೆದುಕೊಳ್ಳಿ. ಮೂರು ನೀರಿನಲ್ಲಿ ತೊಳೆದು, ಉಪ್ಪು ಹಾಕಿದ ಬಿಸಿ ನೀರಲ್ಲಿ ಒಂದೆರಡು ನಿಮಿಷ ಮುಳುಗಿಸಿ. ನೀರಂಚಿನ ಹಸಿ ಸೊಪ್ಪಿನಲ್ಲಿ ಹುಳದ ಮೊಟ್ಟೆ ಇರಬಹುದು, ಬರೀ ತೊಳೆದರೆ ಹೋಗುವುದಿಲ್ಲ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿಯಿರಿ. ಅದೇ ಬಾಣಲೆಯಲ್ಲಿ ಎಲೆ ಬಾಡಿಸಿ. ಮೂರು ಚಮಚ ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆದು, ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ಬಿಸಿ ಅನ್ನಕ್ಕೆ ಕಲಸಿಕೊಳ್ಳಿ. ಮಜ್ಜಿಗೆ ಇಷ್ಟವಿಲ್ಲದವರು ಗಟ್ಟಿಯಾಗಿ ಪಜ್ಜಿ ಮಾಡಿ ಅಕ್ಕಿ ರೊಟ್ಟಿ ಜೊತೆ ತಿನ್ನಬಹುದು. ವಾರಕ್ಕೆ ಮೂರು ನಾಲ್ಕು ದಿನ ಸಾಕು. ಆರು ವಾರ ತಿಂದು ಎರಡು ವಾರ ಬಿಡುವುದು ಒಳ್ಳೆಯ ಪದ್ಧತಿ. ಯಕೃತ್ತಿನ ತೊಂದರೆ ಇರುವವರು ಇದನ್ನು ಮದ್ದಿನಂತೆ ದಿನಾ ತಿನ್ನಬಾರದು.

*ತಲೆಗೆ ಎಣ್ಣೆ.* ಕಾಲು ಲೀಟರ್ ತೆಂಗಿನೆಣ್ಣೆಗೆ ಎರಡು ದೊಡ್ಡ ಹಿಡಿ ಒಂದೆಲಗ ನೀರು ಹಾಕದೆ ಅರೆದು ಸೇರಿಸಿ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ನೊರೆ ಎದ್ದು ಇಳಿಯುತ್ತದೆ. ತಳದ ಗಸಿಯನ್ನು ಸ್ವಲ್ಪ ತೆಗೆದು ಬೆರಳಲ್ಲಿ ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿಯಿರಿ. ಚಟಪಟ ಅಂದರೆ ಇನ್ನೂ ನೀರಿದೆ ಅಂತ ಅರ್ಥ. ಸದ್ದಿಲ್ಲದೆ ಉರಿದರೆ ಒಲೆ ಆರಿಸಿ, ಆರಿದ ಮೇಲೆ ಸೋಸಿ. ಮಳೆಗಾಲದಲ್ಲಿ ನೀರಿನಂಶ ಉಳಿದರೆ ವಾರದೊಳಗೆ ಬೂಸು ಹಿಡಿಯುತ್ತದೆ. ಬಾಟಲಿಯೂ ಒಲೆ ಪಕ್ಕ ಇಟ್ಟು ಒಣಗಿಸಿದ್ದಿರಲಿ. ವಾರಕ್ಕೊಂದು ದಿನ ನೆತ್ತಿಗೆ, ಪಾದಕ್ಕೆ ಹಚ್ಚಿ ಅರ್ಧ ಗಂಟೆ ಬಿಟ್ಟು ಹಂಡೆ ಒಲೆಯ ಬಿಸಿ ನೀರಲ್ಲಿ ಸ್ನಾನ ಮಾಡಿ. ಎಲೆಯ ಗುಣ ಎಷ್ಟು, ಯಾರಾದರೂ ತಲೆ ತಿಕ್ಕುವುದರ ಸುಖ ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ. ಎರಡೂ ಬೇಕು. ಒಂಟಿಯಾಗಿರುವ ಹಿರಿಯರಿಗೆ ಮಕ್ಕಳು, ಮೊಮ್ಮಕ್ಕಳು ಇದನ್ನು ಮಾಡಿಕೊಟ್ಟರೆ ತುಂಬ ಒಳ್ಳೆಯದು.

ಸಂಜೆಯ ಲೋಟಕ್ಕೆ ಮಜ್ಜಿಗೆ ಹುಲ್ಲು, ತುಳಸಿ

ಕಾಫಿ ಬಿಟ್ಟ ಜಾಗ ಖಾಲಿ ಇದ್ದರೆ ಕೈ ಮತ್ತೆ ಕಾಫಿಗೇ ಹೋಗುತ್ತದೆ. ಮಜ್ಜಿಗೆ ಹುಲ್ಲು ಕೊಡಗಿನ ಮಳೆಗೂ ಬೇಸಿಗೆಗೂ ಬಗ್ಗದ ಗಿಡ. ಒಂದು ಬುಡ ನೆಟ್ಟರೆ ವರ್ಷದಲ್ಲಿ ದೊಡ್ಡ ಹಿಂಡಲಾಗುತ್ತದೆ. ಎರಡು ಗರಿಯನ್ನು ಗಂಟು ಕಟ್ಟಿ, ಒಂದು ಏಲಕ್ಕಿ ಜಜ್ಜಿ, ಸ್ವಲ್ಪ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ. ಕಳವಳ ಇಳಿಸುತ್ತದೆಯೇ ಅಂತ ಬ್ರೆಜಿಲ್‌ನಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಮಾಡಿ 1986ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಅಂಥ ಗುಣ ಕಾಣಲಿಲ್ಲ. ಆದರೂ ನಾನು ಇದನ್ನೇ ಹೇಳುತ್ತೇನೆ, ಕೆಫೀನ್ ಇಲ್ಲದ ಬಿಸಿ ಲೋಟ ಅನ್ನುವುದೇ ಇದರ ಲಾಭ.

ತುಳಸಿ ಮೇಲೆ ಸಣ್ಣ ಅಧ್ಯಯನಗಳು ಒಳ್ಳೆಯ ಮಾತು ಹೇಳಿವೆ. ಐದಾರು ಎಲೆ, ಒಂದು ಚೂರು ಶುಂಠಿ, ಬೆಲ್ಲ. ಕುದಿಯುವ ನೀರಿಗೆ ಹಾಕಿ ಮುಚ್ಚಿಡಿ, ಪರಿಮಳ ಆವಿಯಾಗದಿರಲಿ. ನಮ್ಮ ಮಳೆಗೆ ತುಳಸಿ ಬುಡ ಕೊಳೆತು ಸಾಯುವುದು ಜಾಸ್ತಿ. ಕಟ್ಟೆಯ ತುಳಸಿ ಹೋದರೂ ಇರಲಿ ಅಂತ ಎರಡು ಕುಂಡಗಳನ್ನು ಸೂರಿನಡಿ ಇಟ್ಟುಕೊಳ್ಳಿ. ಶುಗರ್ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ದಿನಾ ಕುಡಿಯುವ ಮುಂಚೆ ಡಾಕ್ಟರ್‌ಗೆ ಹೇಳಿ.

ಜಾಯಿಕಾಯಿ: ತೇಯುವ ಕಲ್ಲಿನ ಮೇಲೆ ಎರಡು ಸುತ್ತು

ಅನೇಕ ತೋಟಗಳಲ್ಲಿ ಜಾಯಿಕಾಯಿ ಮರ ಇದೆ. ನಿದ್ದೆ ಬಾರದಿದ್ದರೆ ಹಾಲಿಗೆ ಜಾಯಿಕಾಯಿ ತೇಯ್ದು ಹಾಕುವುದು ಹಳೆಯ ಪದ್ಧತಿ. ಟಿಬೆಟಿನ ವೈದ್ಯದಲ್ಲೂ ಮನಸ್ಸಿನ ಕಳವಳಕ್ಕೆ ಜಾಯಿಕಾಯಿ ಬಳಸುತ್ತಾರೆ. ನಮ್ಮ ಕುಶಾಲನಗರದ ಪಕ್ಕದ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ದೊಡ್ಡ ನೆಲೆಯೇ ಇದೆ. ಸೋವಾ ರಿಗ್ಪಾ ಅನ್ನುವ ಅವರ ವೈದ್ಯ ಪದ್ಧತಿಗೆ ಭಾರತ ಸರ್ಕಾರ 2010ರಲ್ಲಿ ಮಾನ್ಯತೆ ಕೊಟ್ಟಿದೆ. ಅವರೂ ಅದನ್ನು ಹತ್ತಾರು ವಸ್ತುಗಳ ಜೊತೆ ಅಳೆದು ಬಳಸುತ್ತಾರೆ.

ಅಳತೆಯೇ ಇಲ್ಲಿ ಎಲ್ಲ. ತೇಯುವ ಕಲ್ಲಿಗೆ ಒಂದು ಚಮಚ ಹಾಲು ಹಾಕಿ ಕಾಯಿಯನ್ನು ಎರಡು ಮೂರು ಸುತ್ತು ತೇಯ್ದರೆ ಸಾಕು, ಒಂದು ಚಿಟಿಕೆಯಷ್ಟಾಗುತ್ತದೆ. ಅದನ್ನು ಒಂದು ಲೋಟ ಬಿಸಿ ಹಾಲಿಗೆ ಬೆರೆಸಿ ಮಲಗುವ ಒಂದು ಗಂಟೆ ಮುಂಚೆ ಕುಡಿಯಿರಿ. ನಿದ್ದೆ ಬರಲಿಲ್ಲ ಅಂತ ಇನ್ನೊಂದು ಸಲ ತೇಯಬೇಡಿ. ಸುಮಾರು 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಕಾಯಿ, ಮೈಗೆ ವಿಷವಾಗುತ್ತದೆ. ಎದೆಬಡಿತ ಏರುತ್ತದೆ, ವಾಂತಿ ಆಗುತ್ತದೆ, ಇಲ್ಲದ್ದು ಕಾಣುತ್ತದೆ. ಕಳವಳ ಇಳಿಯುವ ಬದಲು ಹತ್ತು ಪಟ್ಟಾಗುತ್ತದೆ. ಪುಡಿ ಡಬ್ಬಿಯಿಂದ ಚಮಚದಲ್ಲಿ ಹಾಕುವುದು ಇದಕ್ಕೇ ಅಪಾಯ. ಗರ್ಭಿಣಿಯರಿಗೆ, ನಿದ್ದೆ ಮಾತ್ರೆ ಅಥವಾ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಬೇಡ. ಹಠ ಮಾಡುವ ಮಗು ಮಲಗಲಿ ಅಂತ ಮಕ್ಕಳಿಗೂ ಬೇಡ.

ಲಾವಂಚ

ಮಣ್ಣಿನ ಹೂಜಿಗೆ ತೊಳೆದ ಲಾವಂಚದ ಬೇರು ಒಂದು ಸಣ್ಣ ಕಟ್ಟು ಹಾಕಿ, ಕುದಿಸಿ ಆರಿಸಿದ ನೀರು ತುಂಬಿ. ಮಾರನೇ ದಿನ ಕುಡಿಯಿರಿ. ಬೇರನ್ನು ಎರಡು ದಿನಕ್ಕೊಮ್ಮೆ ಒಣಗಿಸಿ. ಬೇಸಿಗೆಗೆ ಇದು ಹಿತ. ಮಳೆಗಾಲದಲ್ಲಿ ದಿಂಬಿನ ಪಕ್ಕ ಒಂದು ಕಟ್ಟು ಇಟ್ಟರೆ ಮುಗ್ಗಲು ವಾಸನೆ ಹೋಗಿ ಕೋಣೆ ಹಸನಾಗುತ್ತದೆ.

ಆದರೆ ಒಂದು ವಿಷಯ. ಲಾವಂಚದ ಬೇರು ಮೂರು ಮೀಟರ್‌ವರೆಗೂ ಆಳಕ್ಕೆ ಇಳಿಯುತ್ತದೆ. ಇಳಿಜಾರಿನ ಮಣ್ಣು ಹಿಡಿಯಲು ಹಲವು ದೇಶಗಳಲ್ಲಿ ನೆಡುತ್ತಾರೆ. ನಿಮ್ಮ ಬರೆಯ ಮೇಲೆ ನೆಟ್ಟಿದ್ದರೆ ದಯವಿಟ್ಟು ಬೇರಿಗಾಗಿ ಅದನ್ನು ಅಗೆಯಬೇಡಿ. ಕುಡಿಯುವ ನೀರಿಗೆ ಬೇಕಾದ ಬುಡಗಳನ್ನು ಬೇರೆಯಾಗಿ ಗೋಣಿಚೀಲದಲ್ಲಿ ಬೆಳೆಸಿ. ಚೀಲ ಹರಿದರೆ ಬೇರು ಸಲೀಸಾಗಿ ಸಿಗುತ್ತದೆ.

ಅಶ್ವಗಂಧ: ಕೇಳದೆ ತೆಗೆದುಕೊಳ್ಳಬೇಡಿ

ಒಣ ನೆಲದ ಗಿಡ ಇದು, ನಮ್ಮ ಮಳೆಗೆ ಒಗ್ಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಬೇರು, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಸಿಗುತ್ತದೆ. ಒತ್ತಡ ಕಡಿಮೆ ಮಾಡುತ್ತದೆ, ನಿದ್ದೆ ಸುಧಾರಿಸುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಹೆಚ್ಚಿನವು ಎರಡು ಮೂರು ತಿಂಗಳ ಒಳಗಿನವು. ಕೆಲಸ ಮಾಡುವ ಬೇರು ಆಗಿರುವುದರಿಂದಲೇ ತೊಂದರೆಯನ್ನೂ ಮಾಡಬಲ್ಲದು. ಥೈರಾಯ್ಡ್ ಹಾರ್ಮೋನ್ ಏರಿಸುತ್ತದೆ. ಹೈಪರ್‌ಥೈರಾಯ್ಡ್ ಇದ್ದವರಿಗೆ ಕಳವಳ ಜಾಸ್ತಿಯಾಗುತ್ತದೆ. ಅಪರೂಪಕ್ಕೆ ಯಕೃತ್ತಿಗೆ ಏಟು ಬಿದ್ದ ವರದಿಗಳಿವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಗರ್ಭಿಣಿಯರು, ಹಾಲುಣಿಸುವವರು, ಯಕೃತ್ತಿನ ಕಾಯಿಲೆ ಇರುವವರು ಮುಟ್ಟಬಾರದು. ನಿದ್ದೆ, ಶುಗರ್, ಬಿಪಿ ಮಾತ್ರೆ ಇದ್ದರೆ ಆಯುರ್ವೇದ ವೈದ್ಯರಿಗೂ ನಿಮ್ಮ ಡಾಕ್ಟರಿಗೂ ಇಬ್ಬರಿಗೂ ಹೇಳಬೇಕು. ಎಲೆ ಸೇರಿದ ಪುಡಿ ಬೇಡ, ಬೇರು ಮಾತ್ರ.

ಮೈ ತುರಿಕೆ, ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಇವು ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮದ್ದು ಸೊಪ್ಪಿನ ದಿನ

ಮೂತ್ರದ ಬಣ್ಣದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಕಕ್ಕಡ 18ರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ, ಮದ್ದು ಪುಟ್ಟು ತಿಂದವರಿಗೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ. ಹೊರಗಿನಿಂದ ಸೊಸೆಯಾಗಿ ಬಂದವರಿಗೆ, ಹೋಂಸ್ಟೇ ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ಕಾಫಿ ತೋಟದ ನೆರಳಲ್ಲಿ, ತೋಡಿನ ಬದಿಯಲ್ಲಿ ಬೆಳೆಯುವ ಈ ಗಿಡಕ್ಕೆ ಆ ದಿನಕ್ಕೆ ಹದಿನೆಂಟು ಮದ್ದಿನ ಗುಣ ಕೂಡುತ್ತದೆ ಅಂತ ನಂಬಿಕೆ. ಎಲೆ ಕುದಿಸಿದ ನೀರು ನೇರಳೆಯಾಗುತ್ತದೆ, ಪರಿಮಳ ಮನೆ ತುಂಬುತ್ತದೆ.

ಇದು ಕಳವಳದ ಔಷಧ ಅಂತ ನಾನು ಹೇಳುತ್ತಿಲ್ಲ. ಆದರೆ ನಾಟಿ ಕೆಲಸದಲ್ಲಿ ಮೈ ದಣಿದು, ಮಳೆಗೆ ಮನಸ್ಸು ಕುಗ್ಗಿರುವ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ತೆಂಗಿನ ಹಾಲು, ಬೆಲ್ಲ, ಜೇನು ಹಾಕಿದ ಬಿಸಿ ಪಾಯಸ ತಿನ್ನುವುದು ಮನಸ್ಸಿಗೆ ಎಷ್ಟು ಒಳ್ಳೆಯದು ಅಂತ ಈ ನಾಡಿನವರಿಗೆ ಹೇಳಬೇಕಾಗಿಲ್ಲ. ಮಂಕು ಹಿಡಿದು ಕೋಣೆ ಸೇರಿರುವವರು ಮನೆಯಲ್ಲಿದ್ದರೆ ಆ ದಿನ ಸೊಪ್ಪು ಕೊಯ್ಯಲು ಅವರನ್ನೂ ಕರೆದುಕೊಂಡು ಹೋಗಿ.

ಮನೆಯಲ್ಲಿ ಮುಟ್ಟಬಾರದ ಗಿಡಗಳು

ಸರ್ಪಗಂಧಿ ಮೊದಲನೆಯದು. ಮೊಣಕಾಲೆತ್ತರದ ಗಿಡ, ಒಂದೊಂದು ಗಿಣ್ಣಿನಲ್ಲಿ ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಸಣ್ಣ ಹಣ್ಣು. ತಲೆ ಕೆಟ್ಟವರಿಗೆ, ನಿದ್ದೆ ಇಲ್ಲದವರಿಗೆ ಇದರ ಬೇರು ಕೊಡುವುದು ನಾಟಿ ವೈದ್ಯದಲ್ಲಿ ಹಿಂದಿನಿಂದ ಬಂದದ್ದು. 1931ರಲ್ಲಿ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಅನ್ನುವ ಇಬ್ಬರು ವೈದ್ಯರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಇದನ್ನು ಬಳಸಿದ ಬಗ್ಗೆ ಬರೆದರು. 1949ರಲ್ಲಿ ಮುಂಬೈನ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ಅವರ ಲೇಖನದಿಂದ ಲೋಕಕ್ಕೇ ಪರಿಚಯವಾಯಿತು. 1952ರಲ್ಲಿ ಬೇರಿನಿಂದ ರೆಸರ್ಪಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಬಿಪಿ ಮಾತ್ರೆಯಾಗಿ ತೆಗೆದುಕೊಂಡ ಕೆಲವರು ಆಮೇಲೆ ತೀವ್ರ ಖಿನ್ನತೆಗೆ ಜಾರಿದ್ದು ವರದಿಯಾಯಿತು. ಬೇಸರದಲ್ಲಿ ಇರುವವರಿಗೆ ಈ ಬೇರು ಕೊಟ್ಟರೆ ಇನ್ನೂ ಕೆಳಕ್ಕೆ ತಳ್ಳಿದ ಹಾಗಾಗಬಹುದು. ಬಿಪಿ ಏಕಾಏಕಿ ಬೀಳಬಹುದು. ಯಾರೇ ತಂದುಕೊಟ್ಟರೂ ಬೇಡ ಅನ್ನಿ. ಬೇರಿಗಾಗಿ ಕಿತ್ತು ಕಿತ್ತು ಈ ಗಿಡ ಕಾಡಿನಲ್ಲೂ ಅಪರೂಪವಾಗಿದೆ.

ಬಜೆಯನ್ನು ಮಕ್ಕಳಿಗೆ ತೇಯ್ದು ನೆಕ್ಕಿಸುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಪ್ರೀತಿಗೆ ಕೊರತೆ ಇಲ್ಲ. ಆದರೆ ಅದರಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಗೆಡ್ಡೆ ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆ ನಿಷೇಧಿಸಿತು. ದಿನಾ ಬಳಸುವ ಮದ್ದಲ್ಲ.

ಮಡಿಕೇರಿ ಸುತ್ತಿನ ಅಂಗಳಗಳಲ್ಲಿ ಕೆಳಮುಖವಾಗಿ ತೂಗುವ ದೊಡ್ಡ ಗಂಟೆಯಂಥ ಹೂವಿನ ಗಿಡ ಇರುತ್ತದೆ, ಬಿಳಿ, ಹಳದಿ, ಗುಲಾಬಿ ಬಣ್ಣದ್ದು. ನೋಡಲು ಚೆಂದ, ಸಂಜೆ ಪರಿಮಳ. ದತ್ತೂರದ ನೆಂಟ ಅದು, ಎಲೆ, ಹೂ, ಬೀಜ ಎಲ್ಲ ವಿಷ. ಕಷಾಯಕ್ಕೆ ಅಂತ ಎಲೆ ಕಿತ್ತರೆ ಪ್ರಾಣಕ್ಕೇ ಅಪಾಯ.

ಆನ್‌ಲೈನ್‌ನಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ವಿದೇಶಿ ಮೂಲಿಕೆಯ ಬಗ್ಗೆಯೂ ಎಚ್ಚರ ಬೇಕು. ಸಣ್ಣ ಮಟ್ಟದ ಖಿನ್ನತೆಗೆ ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಧಾರ ಇದೆ. ಆದರೆ ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗುವ ಮಾತ್ರೆಗಳ ಶಕ್ತಿ ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆ ಜೊತೆ ಸೇರಿದರೆ ಅಪಾಯ. ಜಟಾಮಾಂಸಿ ಹಿಮಾಲಯದ್ದು, ಅಳಿವಿನ ಅಂಚಿನಲ್ಲಿದೆ, ಕಲಬೆರಕೆ ಜಾಸ್ತಿ. ನಾನಂತೂ ಕೊಳ್ಳುವುದಿಲ್ಲ.

ತರುವಾಗ, ಕೊಳ್ಳುವಾಗ

ದೇವರಕಾಡಿನಿಂದ ಏನನ್ನೂ ಕಿತ್ತು ತರಬೇಡಿ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು ಉಳಿದಿರುವುದೇ ಹಿರಿಯರು ಕೈ ಹಾಕದೆ ಬಿಟ್ಟಿದ್ದರಿಂದ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಲ್ಲಿ, ನಾಗರಹೊಳೆಯಲ್ಲಿ ಗಿಡ ಕೀಳುವುದು ಅಪರಾಧ. ಒಂದು ಗಿಣ್ಣು, ಒಂದು ಬುಡ ನೆರೆಮನೆಯಿಂದ ಕೇಳಿ ತಂದರೆ ಆಯಿತು.

ಪುಡಿ, ಮಾತ್ರೆ ಕೊಳ್ಳುವುದಾದರೆ ಲೇಬಲ್ ಓದಿ. ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ, ಅವಧಿ ಮುಗಿಯುವ ದಿನ, ಯಾವ ಗಿಡ ಎಷ್ಟು ಮಿಲಿಗ್ರಾಂ ಅನ್ನುವುದು ಇರಲೇಬೇಕು. ಲೇಬಲ್ ಇಲ್ಲದ ಪೊಟ್ಟಣ, ತಕ್ಷಣ ಮಂಪರು ಬರುವಷ್ಟು ಜೋರಾದ ಪುಡಿ ಬೇಡ. ಅದರಲ್ಲಿ ನಿದ್ದೆ ಮಾತ್ರೆ ಬೆರೆಸಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಭಸ್ಮ ಸೇರಿದ ಮದ್ದನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ, ಸೀಸ, ಪಾದರಸದ ಭಯ ಇದೆ.

ಒಂದು ಸಲಕ್ಕೆ ಒಂದೇ ಗಿಡ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಒಗ್ಗಿತು, ಯಾವುದು ಕೆರೆತ ತಂದಿತು ಗೊತ್ತಾಗುವುದಿಲ್ಲ. ಮೊದಲ ಎರಡು ವಾರ ಕಾಫಿ ಇಳಿಸುವುದು ಮಾತ್ರ. ಆಮೇಲೆ ಒಂದೆಲಗ. ಅದು ಒಗ್ಗಿದ ಮೇಲೆ ಬೇಕಿದ್ದರೆ ಸಂಜೆಯ ಕಷಾಯ. ಜಾಯಿಕಾಯಿ ನಿದ್ದೆ ಬಾರದ ರಾತ್ರಿಗೆ ಮಾತ್ರ, ದಿನಾ ಅಲ್ಲ. ಕ್ಯಾಲೆಂಡರಿನ ಮೇಲೆಯೇ ಬರೆಯಿರಿ: ಎಷ್ಟು ಗಂಟೆಗೆ ಮಲಗಿದ್ದು, ಎಷ್ಟು ಸಲ ಎದ್ದದ್ದು, ಕಳವಳಕ್ಕೆ ಹತ್ತರಲ್ಲಿ ಎಷ್ಟು ಅಂಕ, ಏನು ತಿಂದದ್ದು. ಮಳೆ ಬಿಟ್ಟ ಅರ್ಧ ಗಂಟೆಯಾದರೂ ಅಂಗಳಕ್ಕೆ ಇಳಿದು ಬೆಳಕಿನಲ್ಲಿ ನಡೆಯಿರಿ, ಅದನ್ನೂ ಬರೆಯಿರಿ.

ನಾಲ್ಕು ವಾರ ಕಳೆದರೂ ಅಂಕ ಇಳಿಯದಿದ್ದರೆ ಗಿಡ ಬದಲಿಸುತ್ತಾ ಕೂರಬೇಡಿ, ಡಾಕ್ಟರನ್ನು ನೋಡಿ. ಈಗಾಗಲೇ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಗಿಡ ಶುರು ಮಾಡಿದೆ ಅಂತ ಮಾತ್ರೆ ನಿಲ್ಲಿಸಲೇಬೇಡಿ. ದಿಢೀರ್ ನಿಲ್ಲಿಸಿದರೆ ಕಾಯಿಲೆ ಮರಳಿ ಬರುತ್ತದೆ. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಎಲ್ಲ ಮೂಲಿಕೆ ಬಿಡಿ. ಆಸ್ಪತ್ರೆಗೆ ಹೋಗುವಾಗ ಆ ಕ್ಯಾಲೆಂಡರ್ ಹಾಳೆ, ಪುಡಿ ಡಬ್ಬಿ, ಬಾಟಲಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ನಾಟಿ ಮದ್ದು ತಿಂದೆ ಅಂದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಯಾವ ಗಿಡ, ಎಷ್ಟು, ಎಂದಿನಿಂದ ಅಂತ ಗೊತ್ತಾದರೆ ಮಾತ್ರ ಅವರು ಸರಿಯಾದ ಮಾತ್ರೆ ಬರೆಯಲು ಆಗುತ್ತದೆ.